ರವಿವಾರದ ಎರಡು ಹಾಳೆಗಳು

ವಡಗಾವಿ, ಬೆಳಗಾವಿ
೧೭ ಜೂನ್ ೧೯೮೪, ರವಿವಾರ

ಗೆಳೆಯ ಈರಯ್ಯನಿಗೆ ಭೀಮಗೊಂಡನ ಶರಣು.

ನಿನ್ನ ಕಾರ್ಡು ಸಂಕ್ರಮಣಕ್ಕೆ ಬಂದಿತ್ತು. ಈಗ ಕಾರಹುಣ್ಣಿಮೆಯೂ ಮುಗಿದಿದೆ. ಇಷ್ಟು ತಡವೇಕೆ ಎಂದರೆ ಹೇಳಲು ನೆವಗಳಿಗೇನೂ ಬರವಿಲ್ಲ. ಪರೀಕ್ಷೆಯ ಪೇಪರು ತಿದ್ದುವುದಿತ್ತು, ಅವ್ವನ ಮೊಣಕಾಲು ನೋವಿತ್ತು, ಮನೆಗೆ ಹಂಚು ಹೊದಿಸುವುದಿತ್ತು. ಆದರೆ ನೀನು ನನ್ನ ನೆವಗಳನ್ನು ಧಾರವಾಡದ ಹಾಸ್ಟೆಲಿನಿಂದಲೂ ಬಲ್ಲವನು, ಒಂದನ್ನೂ ನಂಬುವುದಿಲ್ಲ. ಬರೆಯಲು ಕೂತು ಎದ್ದಿದ್ದೇ ಹೆಚ್ಚು. ಕ್ಷಮಿಸು.

ನಾವೆಲ್ಲ ಕ್ಷೇಮ. ಜಿನಮತಿಯ ಕನ್ನಡಕದ ನಂಬರು ಏರಿದೆ, ಆದರೂ ನನ್ನ ಅಂಗಿಯ ಮೇಲಿನ ಸಾರಿನ ಕಲೆ ಮಾತ್ರ ಅವಳಿಗೆ ಬಾಗಿಲಿನಿಂದಲೇ ಕಾಣುತ್ತದೆ. ಅವ್ವನಿಗೆ ಎಪ್ಪತ್ತೊಂಬತ್ತು. ಈಗಲೂ ಸೂರ್ಯ ಮುಳುಗುವ ಮೊದಲೇ ಅವಳ ಊಟ, ಅವಳ ಕಣ್ಣು ತಪ್ಪಿಸಿ ನಾನು ಸಂಜೆ ಏಳಕ್ಕೆ ಬಾಯಾಡಿಸಿದರೆ ಮಾರನೆಯ ದಿನ ಮಾತಿಲ್ಲ. ತಿಂಗಳಿಗೊಮ್ಮೆಯಾದರೂ ನಿನ್ನ ಬಗ್ಗೆ ಕೇಳುತ್ತಾಳೆ, “ಖಾನಾಪುರದ ಅಯ್ನಾರು ಯಾಕ ಬರವಲ್ಲರು? ನೀ ಏನರೆ ಅಂದಿ ಏನು ಅವರಿಗೆ?” ನಾನು ಏನೂ ಅಂದಿಲ್ಲ ಎನ್ನುತ್ತೇನೆ. “ಏನೂ ಅನ್ನದ ಯಾರರೆ ಎಂಟ ವರ್ಷ ಮನಿ ಬಿಡತಾರೇನು” ಎಂದು ಗೊಣಗುತ್ತಾ ಜಪಮಾಲೆ ಹಿಡಿಯುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಸೋಮವಾರ ನಿನ್ನ ಮಗಳು ಕಾಂತಾ ಮನೆಗೆ ಬಂದಿದ್ದಳು. ಪೆಟ್ಟಿಗೆಯಲ್ಲಿ ಕುಂದಾ, ಕೈಯಲ್ಲಿ ಬಿ.ಎಸ್ಸಿ. ಅಂಕಪಟ್ಟಿ. ಭೌತಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು. ಮೂರು ವರ್ಷ ಖಾನಾಪುರದ ರೈಲುಗಾಡಿಯಲ್ಲಿ ಓಡಾಡಿ, ನನ್ನ ಕ್ಲಾಸಿನಲ್ಲಿ ಎರಡನೆಯ ಬೆಂಚಿಗೆ ಕೂತು ಓದಿದ ಹುಡುಗಿ. ನಾನು ಬೋರ್ಡಿನ ಮೇಲೆ ಕೂಡು-ಕಳೆ ಚಿಹ್ನೆ ತಪ್ಪು ಬರೆದರೆ ಕೈ ಎತ್ತುವವಳು ಅವಳೊಬ್ಬಳೇ. ಆಗೆಲ್ಲ ಅಲ್ಲಿ ನೀನೇ ಕೂತಂತೆ ಆಗಿ ನನ್ನ ಮಾತು ತೊದಲುತ್ತಿತ್ತು.

ಕುಂದಾ ಕೊಟ್ಟು, ಅವ್ವನ ಕಾಲು ಮುಟ್ಟಿ, ಆಮೇಲೆ ಚೀಲದಿಂದ ಧಾರವಾಡದ ಎಂ.ಎಸ್ಸಿ. ಅರ್ಜಿ ತೆಗೆದಳು. ಎಲ್ಲ ತುಂಬಿದ್ದಾಳೆ. ಪಾಲಕರ ಸಹಿಯ ಜಾಗ ಮಾತ್ರ ಖಾಲಿ. ಕೊನೆಯ ದಿನ ಇದೇ ಮೂವತ್ತು.

“ಕಾಕಾ, ಅಪ್ಪಾರಿಗೆ ನೀವ ಒಂದ ಮಾತ ಹೇಳ್ರಿ. ಬಿ.ಎಡ್. ಮಾಡು ಅಂತಾರ. ಸಾಲಿ ಕಲಸೂದು ನನಗೇನು ಸಣ್ಣದಲ್ರಿ. ಆದ್ರ ನನಗ ಫಿಜಿಕ್ಸ್ ಬಿಡಾಕ ಆಗವಲ್ದು.”

ಬಿ.ಎಸ್ಸಿ.ಗೆ ಒಪ್ಪಿದವನು ಎಂ.ಎಸ್ಸಿ.ಗೆ ಯಾಕೆ ಬೇಡ ಎನ್ನುತ್ತಾನೆ ಎಂದು ಕೇಳಿದೆ. ಅವಳು ನೀನು ಹೇಳಿದ್ದನ್ನು ನಿನ್ನದೇ ದನಿಯಲ್ಲಿ ಹೇಳಿದಳು. “ಇಬ್ಬರು ಬ್ಯಾರೆ ಬ್ಯಾರೆ ಕುಂತು ಮಾಡಿದ ಲೆಕ್ಕ ಕೂಡಿದ್ರೂ ಸುಳ್ಳಾಗತೈತಿ ಮಗಳ. ಅಂಥಾ ವಿದ್ಯಾಕ್ಕ ನಿನ್ನ ಹರೇ ಹಾಕಬ್ಯಾಡ.”

ಅಂದು ನನಗೆ ಊಟ ಸೇರಲಿಲ್ಲ, ಈರಯ್ಯ.

ಯಾವ ಲೆಕ್ಕ ಅದು ಎಂದು ಅವಳು ನನ್ನನ್ನು ಕೇಳಿದಳು. ನೀನು ಅವಳಿಗೆ ಏನೂ ಹೇಳಿಲ್ಲವಂತೆ. ಹೀಗಾಗಿ ನಾನೇ ಹೇಳಬೇಕಾಯಿತು. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನೊಳಗಿನ ಕಣಗಳು ತಮ್ಮ ತಮ್ಮ ಪಾಡಿಗೆ ಇರುತ್ತವೆ ಎಂದು ಮೊದಲು ಅಂದುಕೊಂಡಿದ್ದರು, ಆದರೆ ಒಮ್ಮೊಮ್ಮೆ ಎಲ್ಲವೂ ಕೂಡಿ ಒಂದೇ ಮೈಯಂತೆ ತೂಗುತ್ತವೆ ಎಂದೆ. ನಮ್ಮ ಓಣಿಯ ಮಗ್ಗಗಳನ್ನೇ ತೋರಿಸಿದೆ. ಒಂದೊಂದರ ಸಪ್ಪಳ ಒಂದೊಂದು ನಮೂನೆ, ಆದರೂ ಯಾವುದೋ ಗಳಿಗೆಯಲ್ಲಿ ಎಲ್ಲ ಒಂದೇ ತಾಳಕ್ಕೆ ಬಿದ್ದು ಗೋಡೆ ಅದುರುತ್ತದೆ. ಹಾಗೆ ತೂಗುವ ನ್ಯೂಕ್ಲಿಯಸ್ಸಿನಲ್ಲಿ ದುರ್ಬಲ ಬಲ ಕೆಲಸ ಮಾಡಿ ಒಂದು ನ್ಯೂಟ್ರಾನನ್ನು ಪ್ರೋಟಾನ್ ಮಾಡಬೇಕಾದರೆ ಎಷ್ಟು ಕಾಲ ಹಿಡಿಯುತ್ತದೆ? ತೂಗಾಟ ಬೀಟಾ ಕ್ಷಯವೆನ್ನುವ ಆ ಬದಲಾವಣೆಯನ್ನು ಅವಸರ ಮಾಡಿಸುತ್ತದೆಯೋ, ತಡೆಯುತ್ತದೆಯೋ? ಇದು ನಿಮ್ಮ ಅಪ್ಪನ ಪ್ರಶ್ನೆ ಎಂದೆ. ಮಾದರಿಯೂ ಅವನದೇ, ನಾನು ಬರೀ ಗುಣಾಕಾರದವನು.

ಅವಳು “ನಮ್ಮ ಅಪ್ಪಾರು ಇದನ್ನ ವಿಚಾರ ಮಾಡಿದ್ರಾ?” ಎಂದಳು. ತನ್ನ ತಂದೆಯನ್ನು ಅಂದೇ ಮೊದಲ ಸಲ ನೋಡಿದವಳಂತೆ ಕೇಳಿದಳು. ಅವಳ ಮುಖ ನೋಡಿ ನನಗೆ ನಾಚಿಕೆಯಾಯಿತು.

ನಮ್ಮ ರವಿವಾರಗಳನ್ನೂ ಹೇಳಿದೆ. ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ, ಕಾಲೇಜಿನ ಕೈ ತಿರುವುವ ಲೆಕ್ಕದ ಯಂತ್ರ ಒಂದೇ, ಅದೂ ಏಳನೆಯ ಹಲ್ಲು ಮುರಿದದ್ದು. ಅದಕ್ಕೇ ನೀನು ಆ ನಿಯಮ ಮಾಡಿದ್ದೆ. ಪ್ರತಿಯೊಂದು ಲೆಕ್ಕವನ್ನೂ ನೀನು ಖಾನಾಪುರದಲ್ಲಿ, ನಾನು ವಡಗಾವಿಯಲ್ಲಿ ಬೇರೆ ಬೇರೆ ಮಾಡಬೇಕು. ಕೋಷ್ಟಕಗಳನ್ನೂ ಅವರವರೇ ತಯಾರಿಸಬೇಕು. ವಾರದ ನಡುವೆ ಕಾರ್ಡಿನಲ್ಲಿ ಒಂದು ಅಂಕಿಯನ್ನೂ ಬರೆಯಕೂಡದು. ರವಿವಾರ ನೀನು ಗಾಡಿಗೆ ಬಂದ ಮೇಲೆ ಎರಡೂ ಹಾಳೆಗಳನ್ನು ಒಮ್ಮೆಲೆ ಮೇಜಿನ ಮೇಲೆ ತೆರೆಯಬೇಕು. ಎರಡೂ ಉತ್ತರ ಒಂದೇ ಬಂದು ಕೂಡಿದರೆ ಮುಂದಿನದು, ಕೂಡದಿದ್ದರೆ ತಪ್ಪು ಸಿಗುವವರೆಗೆ ಏಳುವಂತಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಸಲ ಕೂಡಲಿಲ್ಲ. ಹನ್ನೊಂದರಲ್ಲಿ ಹತ್ತು ಸಲ ತಪ್ಪು ನನ್ನದು. “ಏನ್ರಿ ಗೌಡ್ರ, ಈ ವಾರಾನೂ ಬೆಳಿ ಹುಸಿ ಹೋತೇನು?” ಎಂದು ನೀನು ನಗುತ್ತಿದ್ದೆ. ಒಳಗಿನಿಂದ ಅವ್ವ ಕೂಗುತ್ತಿದ್ದಳು, “ಹೊತ್ತು ಮುಳಗತೈತ್ರಿ ಅಯ್ನಾರ, ಲೆಕ್ಕ ಎಲ್ಲೂ ಓಡಿ ಹೋಗೂದಿಲ್ಲ, ಊಟಕ್ಕ ಏಳ್ರಿ.”

ಅಷ್ಟು ಸಂತೋಷದ ದಿನಗಳು ನನಗೆ ಆಮೇಲೆ ಬರಲಿಲ್ಲ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಕಾಂತಾಗೆ ಮುಂಬಯಿಯ ಭೌತಶಾಸ್ತ್ರ ಸಮ್ಮೇಳನದ ಮಾತನ್ನೂ ಹೇಳಿದೆ. ಎಪ್ಪತ್ತೈದರ ಡಿಸೆಂಬರ್. ನೀನು ಹೊಸ ಕೋಟಿನಲ್ಲಿ ಬೋರ್ಡಿನ ಮುಂದೆ ನಿಂತಿದ್ದೆ. ಆ ಪ್ರಬಂಧ ನಿನ್ನ ಪಿಎಚ್.ಡಿ.ಯ ಕೊನೆಯ ಅಧ್ಯಾಯ, ಅದು ಮುಗಿದರೆ ಧಾರವಾಡದಲ್ಲಿ ಕೆಲಸ. ಮೂರನೆಯ ಸಾಲಿನ ಆ ಬೆಳ್ಳಿ ಕೂದಲಿನ ವಿಜ್ಞಾನಿ ಎದ್ದು, ಅಕ್ಕಪಕ್ಕದ ನ್ಯೂಕ್ಲಿಯಸ್ಸುಗಳೆಲ್ಲ ಇಷ್ಟು ನಿಧಾನವಾಗಿ ಕ್ಷಯಿಸುವಾಗ ನಿಮ್ಮದೊಂದೇ ಹೇಗೆ ಹದಿನಾಲ್ಕು ಪಟ್ಟು ಓಡುತ್ತದೆ ಎಂದು ಮೆಲ್ಲಗೆ ಕೇಳಿದರು. ನೀನು ಬೋರ್ಡಿಗೆ ತಿರುಗಿದೆ. ಐದು ನಿಮಿಷ ಸುಣ್ಣದ ಕಡ್ಡಿಯಿಂದ ಒಂದೊಂದೇ ಸಾಲನ್ನು ತಿರುಗಿ ಬರೆದೆ. ಆಮೇಲೆ ನಿನ್ನ ತಪ್ಪನ್ನು ನೀನೇ ಹಿಡಿದೆ.

ಕಾಂತಾಗೆ ಅದು ತಕ್ಷಣ ತಿಳಿಯಿತು. ಒಂದು ಪುಸ್ತಕದವರು ಕಣದ ಸುತ್ತಾಟವನ್ನು ಮೊದಲು ಬರೆದು ಅದರ ಸ್ವಂತ ತಿರುಗುವಿಕೆಯನ್ನು, ಎಂದರೆ ಸ್ಪಿನ್ನನ್ನು, ಆಮೇಲೆ ಸೇರಿಸುತ್ತಾರೆ, ಇನ್ನೊಂದರವರು ಸ್ಪಿನ್ ಮೊದಲು. ಯಾವುದಾದರೂ ಸರಿಯೇ, ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಕ್ರಮ ಇರಬೇಕು. ನೀನು ಕೋಷ್ಟಕ ಮಾಡುವಾಗ ಒಂದರ ಕ್ರಮ, ಸೂತ್ರ ಬರೆಯುವಾಗ ಇನ್ನೊಂದರ ಕ್ರಮ ಹಿಡಿದಿದ್ದೆ. ಅಷ್ಟಕ್ಕೇ ಒಂದು ಚಿಹ್ನೆ ತಿರುವಿ ಬಿತ್ತು. ಒಂದರಿಂದ ಒಂದನ್ನು ಕಳೆಯಬೇಕಾದ ಎರಡು ಪದಗಳು ಕೂಡಿಕೊಂಡುಬಿಟ್ಟವು.

ಆ ಹಿರಿಯರು ಇನ್ನೂ ಒಂದು ಕೇಳಿದರು. ಇಬ್ಬರೂ ಸ್ವತಂತ್ರವಾಗಿ ಮಾಡಿದ್ದೇವೆ ಎಂದು ಬರೆದಿದ್ದೀರಿ, ಇಬ್ಬರಿಗೂ ಇದೇ ತಪ್ಪಾಯಿತೇ? ನೀನು ನನ್ನ ಕಡೆ ನೋಡಿದೆ. ನಾನು ನನ್ನ ಬೂಟು ನೋಡಿಕೊಂಡೆ. ನೀನು ಹೇಳಿದೆ, ಕೋಷ್ಟಕ ನನ್ನದು, ಅವರು ನನ್ನನ್ನು ನಂಬಿ ಅದನ್ನೇ ಬಳಸಿದರು, ತಪ್ಪು ನನ್ನದೊಂದೇ. ಅದು ಖರೆಯಲ್ಲ ಎಂದು ಆ ಸಭೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ನಾನು ಎದ್ದು ನಿಲ್ಲಲಿಲ್ಲ.

ಬರುವಾಗ ಮೀರಜದಲ್ಲಿ ಗಾಡಿ ಬದಲಿಸಲು ಮೂರು ತಾಸು ಕೂತೆವು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. “ಇಬ್ಬರೂ ಯಾಕ ಮುಳಗೂದು? ನಿನಗ ಮುಂದ ಪ್ರಮೋಶನ್ ಐತಿ” ಎಂದೆ ನೀನು. ಚಹಾ ಮುಗಿಸಿ ಮತ್ತೆ ಹೇಳಿದೆ, “ತಪ್ಪಾಗಿದ್ದಕ್ಕ ಸಂಕಟ ಇಲ್ಲ ಭೀಮಾ. ಎರಡ ಕೈ ಎರಡ ಊರಾಗ ಮಾಡಿದ್ರೂ ಅದಽ ತಪ್ಪು ಬಂತಲ್ಲ. ಇನ್ನ ನಾ ಯಾವುದನ್ನ ನಂಬಲಿ?” ಮರುತಿಂಗಳೇ ನೀನು ಪಿಎಚ್.ಡಿ.ಯಿಂದ ಹೆಸರು ತೆಗೆಸಿದೆ. ಆಮೇಲೆ ಆರೇಳು ತಿಂಗಳು ನೆಪಕ್ಕೆ ಬಂದು ಹೋದೆ, ಅದೂ ನಿಂತಿತು. ಲೆಕ್ಕ ತಿದ್ದಿ ಮತ್ತೆ ಕಳಿಸೋಣ ಎಂದು ನಾನು ಒತ್ತಾಯ ಮಾಡಬೇಕಿತ್ತು. ಒಂದೇ ಒಂದು ಸಲ, ಅದೂ ಅರ್ಧ ಮನಸ್ಸಿನಿಂದ ಅಂದೆ. ನಾಲ್ಕು ವರ್ಷ ಬಿಟ್ಟು ನಿನ್ನ ಮಾದರಿಯನ್ನೇ ಬೇರೆ ನ್ಯೂಕ್ಲಿಯಸ್ಸಿಗೆ ಹಚ್ಚಿ ನಾನು ಡಾಕ್ಟರೇಟ್ ತೆಗೆದುಕೊಂಡೆ. ಮುನ್ನುಡಿಯಲ್ಲಿ ನಿನಗೆ ಒಂದು ಸಾಲಿನ ಕೃತಜ್ಞತೆ ಇದೆ. ಬಾಗಿಲಿಗೆ ಡಾ. ಎಂದು ಬರೆಸಿದ ಫಲಕ ಇದೆ. ಅದರ ಕೆಳಗೆ ನಡೆದು ಮನೆಯೊಳಗೆ ಬರುವಾಗ ನಿನ್ನ ನೆನಪಾಗದ ದಿನವಿಲ್ಲ ಎಂದರೆ ನೀನು ನಂಬಬೇಕಿಲ್ಲ, ಆದರೂ ಅದು ಖರೆ.

ಇನ್ನೊಂದು ಸುದ್ದಿ. ಮಾರ್ಚಿನಲ್ಲಿ ಧಾರವಾಡದ ಗ್ರಂಥಾಲಯದಲ್ಲಿ ಹೊಸ ಪ್ರಬಂಧವೊಂದು ಕಣ್ಣಿಗೆ ಬಿತ್ತು. ನಮ್ಮ ಆ ಕ್ಷಯವನ್ನು ಈಗ ಪ್ರಯೋಗದಲ್ಲಿ ಅಳೆದಿದ್ದಾರೆ. ಚಿಹ್ನೆ ಸರಿಪಡಿಸಿದರೆ ನಿನ್ನ ಮಾದರಿ ಏನು ಹೇಳುತ್ತದೋ, ಹೆಚ್ಚು ಕಡಿಮೆ ಅದೇ ಬಂದಿದೆ. ಎಲ್ಲ ಕಣಗಳೂ ಕೂಡಿ ತೂಗುವುದರಿಂದಲೇ ಅದು ನಿಧಾನ. ನಿನ್ನ ಮಾದರಿಯೇ ಸರಿ, ಒಂಬತ್ತು ವರ್ಷ ಮೊದಲೇ ಅದನ್ನು ಕಟ್ಟಿದ್ದೆ. ಅದರ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅಲ್ಲೇ ಗ್ರಂಥಾಲಯದ ಬೆಂಚಿನ ಮೇಲೆ ಕೂತು ಅತ್ತೆ ಎಂದರೆ ನಗಬೇಡ, ಐವತ್ತಕ್ಕೆ ಹತ್ತಿರ ಬಂದವನು.

ಕಾಂತಾಳ ಅರ್ಜಿಗೆ ಸಹಿ ಮಾಡು ಈರಯ್ಯ. ಅವಳಲ್ಲಿ ನಿನ್ನ ಬುದ್ಧಿಯಿದೆ, ನಿನಗಿಂತ ಹೆಚ್ಚು ಹಟವಿದೆ. ಧಾರವಾಡದಲ್ಲಿ ಅವಳಿಗೆ ಹಾಸ್ಟೆಲ್ ಸಿಗುವುದನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಮೇಲಿನ ಸಿಟ್ಟನ್ನು ಆ ವಿದ್ಯೆಯ ಮೇಲೆ ತೀರಿಸಿಕೊಳ್ಳಬೇಡ. ಸಿಟ್ಟೇ ಇಲ್ಲ ಎಂದು ನೀನು ಹೇಳುತ್ತೀ, ಅದು ನನಗೆ ಇನ್ನೂ ಕಷ್ಟ.

ಗೌರವ್ವ ವೈನಿಗೆ ನನ್ನ ಮತ್ತು ಜಿನಮತಿಯ ನಮಸ್ಕಾರ. ಕಾಂತಾಗೆ ಅವ್ವನ ತುಂಬು ಆಶೀರ್ವಾದ, ನನ್ನದೂ. ನಿನ್ನ ಮನೆತನಕ್ಕೆ ಒಳ್ಳೆಯದಾಗಲಿ.

ನಿನ್ನ,
ಭೀಮಗೊಂಡ

ತಾ.ಕ.: ಪತ್ರ ಮಡಿಸಿದವನು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ನೀನು ಸಹಿ ಮಾಡುವುದಿಲ್ಲ, ಮಾಡಬೇಕಾದ ಕಾರಣವೂ ನಿನಗಿಲ್ಲ.

ಎರಡು ಕೈಗಳು ಒಂದೇ ತಪ್ಪು ಮಾಡಲಿಲ್ಲ. ಸಮ್ಮೇಳನಕ್ಕೆ ಕಳಿಸುವ ಮೊದಲಿನ ಆ ರವಿವಾರ ನೀನು ಜಳಕ ಮುಗಿಸಿ ಒಳಗೆ ಲಿಂಗಪೂಜೆಗೆ ಕೂತಿದ್ದೆ. ನಿನ್ನ ಚೀಲ ಮೇಜಿನ ಮೇಲಿತ್ತು. ನಾನು ಅದರೊಳಗಿನ ನಿನ್ನ ಹಾಳೆ ತೆಗೆದು ನೋಡಿದೆ. ನಿನ್ನ ಉತ್ತರ ನನ್ನದರ ಹದಿನಾಲ್ಕು ಪಟ್ಟು. ಈ ಸಲವೂ ತಪ್ಪಿದವನು ನಾನೇ ಎಂದುಕೊಂಡೆ, ನೀನು ನಗುವುದು ಆಗಲೇ ಕಿವಿಗೆ ಬಿತ್ತು. ಅದೊಂದು ನಗುವನ್ನು ತಪ್ಪಿಸಿಕೊಳ್ಳಲು, ಎಲ್ಲಿ ತಪ್ಪಿದೆ ಎಂದು ಹುಡುಕದೆ, ನನ್ನ ಕೊನೆಯ ಪುಟದಲ್ಲಿ ನಿನ್ನ ಉತ್ತರಕ್ಕೆ ಕೂಡುವಂತೆ ಚಿಹ್ನೆ ಬದಲಿಸಿ ಬೇರೆ ಹಾಳೆಯ ಮೇಲೆ ಬರೆದಿಟ್ಟೆ. ನೀನು ವಿಭೂತಿ ಹಚ್ಚಿಕೊಂಡು ಹೊರಗೆ ಬಂದಾಗ “ಕೂಡೇತಿ ನೋಡು” ಎಂದೆ. ನೀನು ನನ್ನನ್ನು ತಬ್ಬಿಕೊಂಡೆ.

ಚಿಹ್ನೆ ಬದಲಿಸುವ ಮೊದಲಿನ ನನ್ನ ಪುಟ ಇದರ ಜೊತೆಗಿದೆ. ಪ್ರಯೋಗದವರ ಅಂಕಿಯನ್ನು ಅದರ ಪಕ್ಕಕ್ಕಿಟ್ಟು ನೋಡು, ಕಾಂತಾಗೂ ತೋರಿಸು. ನೀನು ಮಾಡಿದ ನಿಯಮ ನಿನಗೆ ಮೋಸ ಮಾಡಲಿಲ್ಲ. ನಾನು ಮಾಡಿದೆ.