ಸುಣ್ಣ ಉಂಡ ಚಿಪ್ಪು

ಜನವರಿ 3, ಬೆಳಿಗ್ಗೆ
ಇವತ್ತೂ ಅಮ್ಮಿಯ ಜೊತೆ ಬಲೆ ಕೆರೆದೆ. ನಮ್ಮ ಮೀನಿನ ಪಂಜರದ ತುಂಬ ಕಪ್ಪೆಚಿಪ್ಪು. ನೀರು ಒಳಗೆ ಆಡುವುದಿಲ್ಲ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಎರಡು ವರ್ಷದ ಹಿಂದೆ ಈ ಕೆರೆಯಲ್ಲಿ ಇಂಥ ಚಿಪ್ಪೇ ಇರಲಿಲ್ಲ. ಎಲ್ಲಿಂದ ಬಂತೋ.

ಮೀನುಗಾರರ ಸೊಸೈಟಿ ಅಧ್ಯಕ್ಷ ಉಸ್ಮಾನ ಮಿಯಾ ದಂಡೆಯಿಂದಲೇ ಅಮ್ಮಿಗೆ ಕೂಗಿದರು. “ಅಜೀಜಾ ಬೇಗಂ, ನಿಮ್ಮ ಪಂಜರಾನೇ ಇದರ ತವರಮನಿ ಆಗ್ಯದ ನೋಡ್ರಿ! ಮಾರ್ಚದಾಗ ಮೀಟಿಂಗ್ ಅದ. ಕಿತ್ತಿ ಒಗಸ್ತೇವಿ.”

ಎಲ್ಲರೂ ನಕ್ಕರು. ಅಬ್ಬಾ ಹೋದ ಮೇಲೆ ನಮ್ಮಿಬ್ಬರ ಅನ್ನ ಈ ಪಂಜರವೊಂದೇ.

ಜನವರಿ 5
ನಮ್ಮದಕ್ಕೇ ಯಾಕೆ? ನಮ್ಮದು ಕೆರೆಗೆ ಇಳಿಯುವ ಮೆಟ್ಟಿಲು, ಘಾಟ್ ಪಕ್ಕ. ಚಿಪ್ಪು ಸಾಯಲಿ ಅಂತ ಎಲ್ಲರೂ ಬಲೆಯನ್ನು ಸುಣ್ಣದ ನೀರಲ್ಲಿ ಅದ್ದುವುದು ಅಲ್ಲೇ. ಉಳಿದದ್ದೆಲ್ಲ ಕೆರೆಗೆ. ಉಸ್ಮಾನ ಮಿಯಾರ ಪಂಜರ ಆಚೆ ಕೆಂಪು ದಂಡೆಗಿದೆ. ಅದೇ ಬಿಸಿಲು, ಅದೇ ಆಳ, ಮೀನಿಗೆ ಅದೇ ಫೀಡ್. ಸುಣ್ಣ ಮಾತ್ರ ಇಲ್ಲ, ಚಿಪ್ಪೂ ಇಷ್ಟಿಲ್ಲ...

ಎರಡೂ ಕಡೆ ಒಂದೊಂದು ಚೀಲ ಇಳಿಬಿಟ್ಟೆ. ಒಂದೊಂದರಲ್ಲಿ ಹತ್ತು ಚಿಪ್ಪು, ತೊಗರಿ ಕಾಳಿನಷ್ಟು. ಯಾರಿಗೂ ಹೇಳಿಲ್ಲ.

ಮಾರ್ಚ್ 12
ಎರಡೂ ಚೀಲ ಎತ್ತಿದೆ. ಘಾಟಿನವು ಶೇಂಗಾ ಬೀಜದಷ್ಟಾಗಿವೆ, ಗಟ್ಟಿ. ಕೆಂಪು ದಂಡೆಯವು ಇನ್ನೂ ತೊಗರಿ. ನಾಲ್ಕು ಸತ್ತಿವೆ.

ಅಮ್ಮಿ ಹೆದರಿದಳು. “ಬೀದರದ ಮೀನುಗಾರಿಕಿ ಸಾಹೇಬ್ರು ಬಂದು ಹೇಳ್ಲಿ ಬೇಟಾ. ಐದನೇ ಕ್ಲಾಸ್ ಕಲ್ತಾಕಿ ಮಾತು ಯಾರ್ ಕೇಳ್ತಾರ?”

ಸಾಹೇಬರು ಬರುವ ತನಕ ಪಂಜರ ಇರುತ್ತದೆಯೇ?

ಮಾರ್ಚ್ 20
ಮೀಟಿಂಗ್. ಚಿಪ್ಪುಗಳನ್ನು ಟೇಬಲ್ ಮೇಲೆ ಸುರಿದೆ. ಹೇಳಿದೆ — ಬಲೆಯ ಮೇಲೆ ಕೊಲ್ಲುವ ನಮ್ಮ ಸುಣ್ಣವೇ ಕೆರೆಯಲ್ಲಿ ಕರಗಿ ಇವಕ್ಕೆ ಚಿಪ್ಪು ಕಟ್ಟುವ ಊಟ ಅಂತ.

“ಅರೆ ವ್ಹಾ! ಖುಷ್ಬೂ ಮೇಡಂ ಸೈನ್ಸ್ ಹೇಳ್ಲತ್ತಾರ, ಕೈ ಕಟ್ಟಿ ಕೂಡ್ರಿ ಎಲ್ಲಾರೂ!” ಅಂದರು ಉಸ್ಮಾನ ಮಿಯಾ.

“ನನ್ನ ಮಾತು ಬಿಡ್ರಿ ಚಾಚಾ. ಹಿಚುಕಿ ನೋಡ್ರಿ.”

ಕೆಂಪು ದಂಡೆಯದು ಹಪ್ಪಳದ ಹಾಗೆ ಪುಡಿಯಾಯಿತು. ಘಾಟಿನದು ಅವರ ಬೆರಳನ್ನೇ ಕೊಯ್ದಿತು. ಯಾರೂ ನಗಲಿಲ್ಲ.

“ಒಂದು ತಿಂಗಳು ನೋಡ್ತೇವಿ. ಚಿಪ್ಪು ಕಮ್ಮಿ ಆಗಲಿಲ್ಲಂದ್ರ ಪಂಜರ ಕೀಳೂದೇ. ಸುಣ್ಣ ಮಾತ್ರ ನಿಲ್ಲಂಗಿಲ್ಲ,” ಅಂದರು ಉಸ್ಮಾನ ಮಿಯಾ.

ಸುಣ್ಣ ನಿಲ್ಲದೆ ಚಿಪ್ಪು ಹೇಗೆ ಕಡಿಮೆಯಾದೀತು? ಮನೆಯ ತನಕ ಅಳಲಿಲ್ಲ. ಮನೆಯಲ್ಲೂ ಅಳಲಿಲ್ಲ.

ಮಾರ್ಚ್ 21, ಬೆಳಿಗ್ಗೆ 6
ಘಾಟಿನ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಭಾಲ್ಕಿಯಿಂದ ಸುಣ್ಣದ ಟೆಂಪೊ ಬಂದಿದೆ. ನೀರಿಗೆ ಇಳಿಯಲು ಇರುವುದು ಇದೊಂದೇ ದಾರಿ.

“ಸರೀ ಅತ್ಲಾಗ,” ಅಂದ ಡ್ರೈವರ್.

“ಸರಿಯಂಗಿಲ್ಲ.”

ಅಷ್ಟು ಜೋರಾಗಿ ಕೂಗಿದ್ದು ನಾನೇ. ಅಮ್ಮಿ ಬಂದಳು. ಎಬ್ಬಿಸುತ್ತಾಳೆ ಅಂದುಕೊಂಡೆ... ಪಕ್ಕದಲ್ಲೇ ಕುಳಿತಳು. ಈಗ ಮೆಟ್ಟಿಲು ಪೂರ್ತಿ ನಮ್ಮದು.

ಉಸ್ಮಾನ ಮಿಯಾ ಬಂದರು. ಬೆರಳಿಗೆ ಪಟ್ಟಿ.

“ಏನ್ ಬರೀಲತ್ತಿ?”

“ನೀವು ಹೇಳೂದು, ಚಾಚಾ. ಹೇಳ್ರಿ.”

ಡ್ರೈವರ್ ಎಂಜಿನ್ ಆಫ್ ಮಾಡಿದ. ಚಾಚಾ ಸುಣ್ಣದ ಚೀಲ ನೋಡುತ್ತಾರೆ, ಅಮ್ಮಿಯನ್ನು ನೋಡುತ್ತಾರೆ. ಅವರು ಏನೇ ಹೇಳಲಿ, ನಾವು ಏಳುವುದಿಲ್ಲ. ಈಗ ಬಾಯಿ ತೆರೆದು —