ಏಕನಾಥಮ್ಮನನ್ನು ಮಣ್ಣು ಮಾಡಿದ ದಿನ

ಬಿಳಿಗುಂಡನಹಳ್ಳಿ
ರಾಮಗಿರಿ ಹೋಬಳಿ, ಹೊಳಲ್ಕೆರೆ ತಾಲ್ಲೂಕು
೬ ಜೂನ್ ೨೦೨೧, ಭಾನುವಾರ

ಮಗಳು ಉಷಾರಾಣಿಗೆ,

ನಿಮ್ಮಪ್ಪನೂ ನಾನೂ ಜ್ವರ, ಕೆಮ್ಮು ಇಲ್ಲದೆ ಇದ್ದೇವೆ. ನೀನು ಚಿತ್ರದುರ್ಗದ ಆ ವಾರ್ಡಿನಲ್ಲಿ ಪ್ಲಾಸ್ಟಿಕ್ ಅಂಗಿಯೊಳಗೆ ಎಂಟೆಂಟು ಗಂಟೆ ಬೇಯುತ್ತಿರುವವಳು. ನರ್ಸಿಂಗ್ ಓದು ಮುಗಿಯುವ ಮೊದಲೇ ನಿನ್ನನ್ನು ಇಂಥ ಕೆಲಸಕ್ಕೆ ನಿಲ್ಲಿಸಿದರಲ್ಲ ಎಂದು ದಿನಾ ಅಂದುಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ವಾರ ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು, "ಊರಾಗೆ ಹೊಡೆದಾಟ ಆತಂತೆ, ನಿಜಾನಾ ಅವ್ವ?" ಎಂದು ಕೇಳಿದಾಗಲೆಲ್ಲ, "ಏನಿಲ್ಲ, ಎಲ್ಲ ಸರಿಹೋಗೈತೆ" ಎಂದು ಇಟ್ಟುಬಿಟ್ಟೆ. ಮನೆಯಲ್ಲಿ ನಿಂತು ಹೇಳುವ ಮಾತಲ್ಲ ಅದು. ಇವತ್ತು ಪಂಚಾಯಿತಿ ಕಚೇರಿಯ ಬಾಗಿಲು ಮುಚ್ಚಿಕೊಂಡು, ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಈ ಕುರ್ಚಿಯಲ್ಲಿ ಕೂತಾಗ ಬೀದಿದೀಪ, ಚರಂಡಿ ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹೋದ ವರ್ಷ ಊರಿಗೆ ಬಾರದ ರೋಗ ಈ ವರ್ಷ ಯಾಕೆ ಬಂದೀತು ಎಂದು ಎಲ್ಲರೂ ಅಂದುಕೊಂಡಿದ್ದೆವು. ಏಪ್ರಿಲ್ ಕೊನೆಗೆ ಬೆಂಗಳೂರಿಗೆ ದುಡಿಯಲು ಹೋದವರು ಗಂಟುಮೂಟೆ ಸಮೇತ ಬಂದಿಳಿದರು. ಹತ್ತೇ ದಿನದಲ್ಲಿ ಮನೆಮನೆಯಲ್ಲೂ ಕೆಮ್ಮು. ನಮ್ಮ ಅಭಿವೃದ್ಧಿ ಅಧಿಕಾರಿ ರವೀಂದ್ರ ತಾಲ್ಲೂಕಿನಿಂದ ಅಚ್ಚಾದ ಫಾರಂ ತಂದರು. ಕಾರ್ಯಪಡೆ ಮಾಡಬೇಕು, ಮನೆಮನೆ ಪರೀಕ್ಷೆ ಮಾಡಿಸಬೇಕು, ಶಾಲೆಯಲ್ಲಿ ಹಾಸಿಗೆ ಹಾಕಬೇಕು, ಸತ್ತವರನ್ನು ಹೂಳಲು ಜಾಗ ಗುರುತಿಸಬೇಕು. ಸಭೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹೂಳುವ ಜಾಗ ಎಂಬಲ್ಲಿ 'ಗೋಮಾಳ' ಎಂದು ಬರೆದು ನಾನೇ ಸಹಿ ಹಾಕಿದೆ. ಅಲ್ಲಿ ಕುರಿ ಮೇಯಿಸುವವರನ್ನು ಒಂದು ಮಾತು ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕುರಿಗಾರರ ವಾರ್ಡಿನ ಸದಸ್ಯ ಪ್ರಭುಲಿಂಗ ಮಾತ್ರ, "ಅಕ್ಕ, ನಮ್ಮೋರಿಗೆ ನಾನು ತಿಳಿಸಿ ಹೇಳ್ತೀನಿ, ಒಂದು ವಾರ ಕೊಡ್ರಿ" ಎಂದಿದ್ದ. ಆ ಒಂದು ವಾರ ನಮಗೆ ಸಿಗಲಿಲ್ಲ.

ಮೊದಲ ಏಟು ಬಿದ್ದದ್ದು ಆಶಾ ಕಾರ್ಯಕರ್ತೆ ಪುಟ್ಟಕ್ಕನಿಗೆ. ಮೇ ಹದಿನೈದರಂದು ಪರೀಕ್ಷೆಯವರ ಜೀಪು ಬಂತು. ಮೂಗಿಗೆ ಕಡ್ಡಿ ಹಾಕಿದವರನ್ನೆಲ್ಲ ಹಿಡಿದುಕೊಂಡು ಹೋಗುತ್ತಾರೆ, ಆಮೇಲೆ ಚೀಲದಲ್ಲಿ ಸುತ್ತಿ ಕಳಿಸುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ಜೀಪಿನ ಗಾಜು ಪುಡಿಯಾಯಿತು. ಓಡಲು ಹೋದ ಪುಟ್ಟಕ್ಕನ ಜಡೆ ಹಿಡಿದು ಹೆಂಗಸರೇ ನೆಲಕ್ಕೆ ಕೆಡವಿ, ಬಾವಿಕಟ್ಟೆಯವರೆಗೆ ಎಳೆದರು. ಅವಳ ಮೊಣಕೈಯ ಚರ್ಮ ರಸ್ತೆಯ ಜಲ್ಲಿಗೆ ಅಂಟಿಕೊಂಡಿತ್ತು. ಎಳೆದವರಲ್ಲಿ ಇಬ್ಬರ ಹೆರಿಗೆ ಮಾಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ.

ಮೂರನೇ ದಿನ ಏಕನಾಥಮ್ಮ ಹೋದಳು. ನಿನ್ನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳಲ್ಲ, ಅವಳು. ಚಿತ್ರದುರ್ಗದಿಂದ ಅವಳನ್ನು ಹೊತ್ತ ಆಂಬುಲೆನ್ಸ್ ಬರುವಾಗ ಹಗಲು ಹನ್ನೊಂದು ಗಂಟೆ. ಗೋಮಾಳದಲ್ಲಿ ಗುಂಡಿ ತೋಡಿಸಿ ಆಗಿತ್ತು. ಪ್ರಭುಲಿಂಗ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದ. ನಾನು, ರವೀಂದ್ರ, ಪುಟ್ಟಕ್ಕ ಬೇವಿನ ಮರದ ಕೆಳಗಿದ್ದೆವು. ಅಷ್ಟರಲ್ಲಿ ಅರವತ್ತು ಎಪ್ಪತ್ತು ಜನ ದಿಬ್ಬ ಇಳಿದು ಬಂದರು. ಮುಂದೆ ಕುರಿಗಾರರ ಹಿರಿಯ ಸಣ್ಣಪ್ಪ. ತನ್ನ ಕೋಲನ್ನು ದಾರಿಗೆ ಅಡ್ಡ ಹಿಡಿದು ನಿಂತ.

"ಏನಲೇ ಪ್ರಭುಲಿಂಗ, ನಮ್ಮೋನಾಗಿ ನಮ್ಮ ಕುರಿ ಬಾಯಿಗೆ ಮಣ್ಣು ಹಾಕ್ತೀಯೇನು? ರೋಗ ಹುಲ್ಲಿಗೆ ಇಳಿದ್ರೆ ಯಾರು ಹೊಣೆ?"

"ಎಂಟಡಿ ತೋಡ್ಸೀನಿ ಮಾವ. ಮೇಲೆ ಪುಡಿ ಹಾಕ್ತೀವಿ, ಏನೂ ಆಗಂಗಿಲ್ಲ. ನಿನ್ನ ಮೊಮ್ಮಕ್ಕಳಿಗೆ ಅನ್ನ ಇಕ್ಕಿದ ಕೈ ಅದು. ಬೀದಿಯಾಗೆ ಬಿಡಾಣೇನು?"

 ಸಣ್ಣಪ್ಪನ ಕೋಲು ಒಂದು ಗೇಣು ಕೆಳಗಿಳಿದಿದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನೊಂದು ಗಳಿಗೆ ಸಿಕ್ಕಿದ್ದರೆ ದಾರಿ ಬಿಡುತ್ತಿದ್ದ. ಹಿಂದಿನಿಂದ ಒಂದು ಕಲ್ಲು ಬಂದು ಆಂಬುಲೆನ್ಸಿನ ಗಾಜಿಗೆ ಬಿತ್ತು.

ಆಮೇಲೆ ಯಾರಿಗೂ ಯಾರ ಮಾತೂ ಕೇಳಲಿಲ್ಲ, ಉಷಾ. ಡ್ರೈವರನ್ನು ಕೆಳಗೆಳೆದು ಬಾನೆಟ್ಟಿಗೆ ಮುಖ ಜಜ್ಜಿದರು. ಅವನು ಬಾಯಿಯಿಂದ ಹಲ್ಲು ಉಗುಳಿದ. ಹಿಂದಿನ ಬಾಗಿಲು ಕಿತ್ತುಬಂದು ಏಕನಾಥಮ್ಮನನ್ನು ಸುತ್ತಿದ್ದ ಚೀಲ ಜಾರಿ ನೆಲಕ್ಕೆ ಬಿತ್ತು. ಅದು ಬಿದ್ದೊಡನೆ ಎಲ್ಲರೂ ಹೆದರಿ ಹಿಂದಕ್ಕೆ ಓಡಿದರು. ಓಡಿ, ದೂರ ನಿಂತು, ಅದಕ್ಕೆ ಕಲ್ಲು ಹೊಡೆಯತೊಡಗಿದರು. ಸತ್ತವಳಿಗೆ! ಒಂದೊಂದು ಕಲ್ಲು ಬಿದ್ದಾಗಲೂ ಮೆತ್ತನೆಯ ಸದ್ದು ಆಗುತ್ತಿತ್ತು. ನಾನು ಕೂಗಿಕೊಂಡು ಓಡಿದೆ. ಹೆಗಲಿಗೆ ಕಲ್ಲು ಬಿದ್ದು ಕುಸಿದೆ.

ಪ್ರಭುಲಿಂಗ ಚೀಲದ ಮುಂದೆ ಎರಡೂ ಕೈ ಚಾಚಿ ನಿಂತ. "ನನಗೆ ಹೊಡೀರಿ, ಅವಳಿಗೆ ಬ್ಯಾಡ" ಎಂದು ಅರಚುತ್ತಿದ್ದ. ಹಿಂದಿನಿಂದ ಗುದ್ದಲಿಯ ಕಾವು ಅವನ ತಲೆಗೆ ಬಿತ್ತು. ಅವನು ದಣಿದವನಂತೆ ಮೊದಲು ಮೆಲ್ಲಗೆ ಕೂತ. ಇನ್ನೊಂದು ಏಟು ಬಿತ್ತು. ಏಕನಾಥಮ್ಮನ ಮೇಲೆಯೇ ಬೋರಲು ಬಿದ್ದ. ಬಿಳಿ ಅಂಗಿ ಕುತ್ತಿಗೆಯಿಂದ ಸೊಂಟದವರೆಗೆ ಕೆಂಪಾಯಿತು. ಅದನ್ನು ಕಂಡ ಮೇಲೆಯೇ ಜನ ಚದುರಿದ್ದು.

ಅವನ ತಲೆಗೆ ಸೆರಗು ಒತ್ತಿ ಹಿಡಿದವಳು ಪುಟ್ಟಕ್ಕ. ಅವಳ ಮೊಣಕೈಯ ಗಾಯಕ್ಕೆ ಇನ್ನೂ ಬಟ್ಟೆ ಕಟ್ಟಿತ್ತು. ಬಾಯಿ ಒಡೆದ ಡ್ರೈವರೇ ಅದೇ ಆಂಬುಲೆನ್ಸಿನಲ್ಲಿ ನಮ್ಮನ್ನು ದಾವಣಗೆರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ರಕ್ತ ಒರೆಸುವ ಟವೆಲ್ಲು. ಏಕನಾಥಮ್ಮ ಬಿಸಿಲಿನಲ್ಲಿ ನೆಲದ ಮೇಲೆ ಹಾಗೇ ಉಳಿದಳು. ಫಾರಂ ಬಿಟ್ಟು ಬೇರೇನೂ ಗೊತ್ತಿಲ್ಲದವರು ಎಂದು ನಾನು ತಿಳಿದಿದ್ದ ರವೀಂದ್ರ, ಪೊಲೀಸರು ಬರುವವರೆಗೆ ಅವಳಿಗೆ ಕೊಡೆ ಹಿಡಿದು ಒಬ್ಬರೇ ಕೂತಿದ್ದರಂತೆ. ಅದೇ ಗುಂಡಿಯಲ್ಲಿ ಲಾಠಿಗಳ ನಡುವೆ ಅವಳನ್ನು ಮಣ್ಣು ಮಾಡಿದರು. ಸಂಜೆಯೇ ಸಣ್ಣಪ್ಪನನ್ನೂ ಇನ್ನು ನಾಲ್ವರನ್ನೂ ಹಿಡಿದುಕೊಂಡು ಹೋದರು. "ಅಡ್ಡ ನಿಂತಿದ್ದು ನಿಜ ಸಾಮಿ, ಕೈ ಎತ್ತಿಲ್ಲ" ಎಂದು ಸಣ್ಣಪ್ಪ ಜೀಪು ಹತ್ತುವವರೆಗೆ ಹೇಳುತ್ತಿದ್ದನಂತೆ. ಕೋಲು ಹಿಡಿದು ನಿಂತದ್ದು ಎಲ್ಲರಿಗೂ ಕಂಡಿದ್ದವನು ಅವನೊಬ್ಬನೇ. ಅವನು ಈಗಲೂ ಜೈಲಿನಲ್ಲಿದ್ದಾನೆ.

ಮರುವಾರ ಸಭೆ ಕರೆದೆ. ಹದಿನಾಲ್ಕು ಸದಸ್ಯರಲ್ಲಿ ನಾಲ್ವರು ಬಂದರು. ರವೀಂದ್ರ ಹೊಸ ಫಾರಂ ತೆಗೆದವರು ಅದನ್ನು ಮಡಚಿ ಬದಿಗಿಟ್ಟರು. "ಮೇಡಂ, ಇದು ಆಮೇಲೆ ಆಗ್ಲಿ. ಜನ ಯಾವುದಕ್ಕೆ ಹೆದರಿದ್ರು ಅಂತ ಮೊದ್ಲು ಕೇಳ್ಕಂಡು ಬರಾಣ ಬರ್ರಿ" ಎಂದರು. ನಾಲ್ಕು ದಿನ ಬೀದಿ ಬೀದಿ ತಿರುಗಿದೆವು. ಕೆಲವರು ಬಾಗಿಲು ತೆಗೆಯಲಿಲ್ಲ. ಒಬ್ಬಳು ನನ್ನ ಕಾಲ ಮೇಲೆ ಮುಸುರೆ ನೀರು ಚೆಲ್ಲಿದಳು. ಆದರೂ ನಿಂತೆವು. ಸತ್ತರೆ ಮುಖ ತೋರಿಸುವುದಿಲ್ಲ ಎಂಬ ಭಯ ಕೆಲವರಿಗೆ, ಶಾಲೆಗೆ ಸೇರಿಸಿದರೆ ಅಲ್ಲಿಂದ ಎಲ್ಲಿಗೋ ಸಾಗಿಸುತ್ತಾರೆ ಎಂಬ ಭಯ ಕೆಲವರಿಗೆ.

ಅದರ ಮೇಲೆ ಯೋಜನೆಯನ್ನು ಮೊದಲಿಂದ ಮಾಡಿದೆವು. ಹೊಲವಿದ್ದವರು ತಮ್ಮ ಹೊಲದಲ್ಲೇ ಹೂಳಲಿ, ಇಲ್ಲದವರಿಗೆ ಕೆರೆಯಾಚೆಯ ಹಳೆಯ ಸ್ಮಶಾನದ ಮುಳ್ಳು ಕಡಿಸಿದೆವು. ಗೋಮಾಳ ಕುರಿಗೇ ಇರಲಿ ಎಂದು ಠರಾವು ಮಾಡಿದೆವು. ಶಾಲೆಯಲ್ಲಿದ್ದವರನ್ನು ಮನೆಯವರು ಕಿಟಕಿಯಾಚೆ ನಿಂತು ಮಾತಾಡಿಸಬಹುದು, ಅಡುಗೆಯನ್ನು ಆಯಾ ಬೀದಿಯವರೇ ಮಾಡಿ ತರಬಹುದು. ಮಣ್ಣು ಮಾಡುವ ಮೊದಲು ಚೀಲದ ಮುಖದ ಕಡೆ ತೆರೆದು ಮನೆಯವರಿಗೆ ದೂರದಿಂದ ತೋರಿಸಬೇಕು. ಪುಟ್ಟಕ್ಕ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ಹಿಡಿದು ಮತ್ತೆ ಮನೆಮನೆಗೆ ಹೋದಳು. ಜಡೆ ಹಿಡಿದು ಎಳೆದವಳೇ ಬೆರಳು ಚಾಚಿದಳಂತೆ. "ಏನಂದೆ ಅವಳಿಗೆ?" ಎಂದು ಕೇಳಿದೆ. "ಏನೂ ಅನ್ಲಿಲ್ಲ ಅಕ್ಕ. ಎಂಬತ್ತೆಂಟು ತೋರಿಸ್ತು, ಮೊದ್ಲು ಶಾಲೆಗೆ ನಡಿ ಅಂದೆ" ಎಂದಳು. ಇವತ್ತಿಗೆ ನಲವತ್ತೊಂದು ಜನ ಶಾಲೆಗೆ ಬಂದಿದ್ದಾರೆ. ಅವರಲ್ಲಿ ಮೂವರನ್ನು ಕಳೆದುಕೊಂಡೆವು. ಆ ಮೂವರ ಮಣ್ಣಿಗೆ ಒಂದು ಕಲ್ಲೂ ಬೀಳಲಿಲ್ಲ.

ಪ್ರಭುಲಿಂಗ ಬದುಕಿದ್ದಾನೆ. ತಲೆಬುರುಡೆಯ ಒಂದು ಚೂರು ತೆಗೆದಿದ್ದಾರೆ. ಬಲಗೈ ಬಲಗಾಲು ಆಡುವುದಿಲ್ಲ, ಮಾತೂ ಬಂದಿಲ್ಲ. ಮೊನ್ನೆ ಮನೆಗೆ ಕರೆತಂದರು.

ನಿನ್ನ ಕೈಯಡಿ ಮಲಗಿದವರೆಲ್ಲ ತಮ್ಮ ಕಾಲ ಮೇಲೆ ಮನೆಗೆ ಹೋಗಲಿ. ನಿನಗೆ ಯಾವ ನಂಜೂ ತಾಗದಿರಲಿ, ನನ್ನ ಕಂದ.

ನಿನ್ನ ಅವ್ವ,
ಸರ್ವಮಂಗಳ

ಮರೆತು ಬಿಟ್ಟಿದ್ದಲ್ಲ, ಬರೆಯಲಾರದೆ ಬಿಟ್ಟಿದ್ದು: ಗುದ್ದಲಿಯ ಕಾವು ನಿಮ್ಮಪ್ಪನ ಕೈಯಲ್ಲಿತ್ತು. ನಾನು ಹತ್ತು ಮಾರು ದೂರದಲ್ಲಿ ಬಿದ್ದಿದ್ದೆ, ಮುಖ ನೋಡಿದೆ. ಗುಂಡಿ ತೋಡಿದ್ದು ಗೋಮಾಳದ ಅಂಚಿಗಿರುವ ನಮ್ಮ ಹೊಲದ ಕೊಳವೆಬಾವಿಯ ಬದಿಗೆ. ಹೆಂಡತಿ ಹೇಳಿದಲ್ಲಿ ಹೆಣ ಹೂಳಿಸಿಕೊಳ್ಳುವವನು ಎಂದು ಊರವರು ಆಡಿಕೊಂಡಿದ್ದರಂತೆ. ನಿಮ್ಮಪ್ಪ ಅದನ್ನು ಮನೆಯಲ್ಲಿ ಎತ್ತಿರಲಿಲ್ಲ. ದಾವಣಗೆರೆಯಿಂದ ನಾನು ಬಂದಾಗ ಕಾವನ್ನು ದನದ ತೊಟ್ಟಿಯಲ್ಲಿ ತೊಳೆಯುತ್ತಿದ್ದರು. ಆಮೇಲೆ ಕೈಕಾಲು ತೊಳೆದು ಊಟಕ್ಕೆ ಕೂತರು. ನಾನು ಬಡಿಸಿದೆ. ಪೊಲೀಸರು ಕೇಳಿದಾಗ, ಧೂಳಿನಲ್ಲಿ ಯಾರೂ ಕಾಣಲಿಲ್ಲ ಎಂದು ಬರೆಸಿ ಸಹಿ ಹಾಕಿದೆ. ಹಾಗೆ ಹೇಳು ಎಂದು ನಿಮ್ಮಪ್ಪ ನನ್ನನ್ನು ಕೇಳಿರಲಿಲ್ಲ.

ನಿನ್ನೆ ಪ್ರಭುಲಿಂಗನನ್ನು ನೋಡಲು ಹೋದೆ. ನನ್ನನ್ನು ಕಂಡು ಅರ್ಧ ಬಾಯಲ್ಲಿ ನಕ್ಕ, 'ಅಕ್ಕ' ಅನ್ನಲು ಒದ್ದಾಡಿದ. ಅವನ ಹೆಂಡತಿ ಬೊಮ್ಮಕ್ಕ ನನ್ನ ಕೈ ಹಿಡಿದುಕೊಂಡು, "ಆ ಸಣ್ಣಪ್ಪನ ಕೈ ಸೇದಿಹೋಗ್ಲಿ ಅಕ್ಕ" ಎಂದು ಅತ್ತಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ, ಬಾಯೂ ಬಿಡಲಿಲ್ಲ.

ನಾಳೆ ಬೆಳಿಗ್ಗೆ ಹೊಳಲ್ಕೆರೆ ಠಾಣೆಗೆ ಹೋಗಿ ಕಂಡಿದ್ದನ್ನು ಹೇಳುತ್ತೇನೆ. ನಿಮ್ಮಪ್ಪನಿಗೆ ಇವತ್ತೇ ತಿಳಿಸುತ್ತೇನೆ, ಬೆನ್ನ ಹಿಂದೆ ಹೋಗುವುದಿಲ್ಲ. ದಾರಿಯಲ್ಲಿ ರಾಮಗಿರಿಯಲ್ಲಿ ಮೊದಲು ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ. ನಿನಗೆ ತಿಳಿಯುತ್ತದೆ ಎಂದಾದರೆ ಠಾಣೆಯ ಬಾಗಿಲಿಂದ ನಾನು ತಿರುಗಿ ಬರಲಾರೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ನಿಮ್ಮಪ್ಪನಿಗೆ ಕಾಗದ ಬರೆಯಬೇಕು ಅನ್ನಿಸಿದರೆ ಬರೆ. ಏನು ಬರೆದೆ ಎಂದು ನಾನು ಕೇಳುವುದಿಲ್ಲ.