ಅಪ್ಪನ ಕಡೆಯ ರಕ್ತ

ಮಣಿಪಾಲ
೧೪-೯-೧೯೮೨

ಕಾಪುವಿನ ಸೋದರಮಾವನವರಿಗೆ ಸುಗಂಧಿಯ ನಮಸ್ಕಾರ.

ಪಕ್ಷವಾತವಾಗಿ ಇಲ್ಲಿಯ ಆಸ್ಪತ್ರೆಯಲ್ಲಿ ಮಲಗಿರುವ ದೇವಣ್ಣನಿಗೆ ನಿನ್ನೆ ಎಚ್ಚರ ಬಂತು. ಬಲಗೈ ಇನ್ನೂ ಏಳುವುದಿಲ್ಲ. ನೀವು ಕೇಳಲಿಲ್ಲ, ಆದರೂ ತಿಳಿಸುತ್ತಿದ್ದೇನೆ.

ಹೋದ ವರ್ಷ ಅಣ್ಣನಿಗೆ ತಲೆಸುತ್ತು ಬಂದಾಗ ಡಾಕ್ಟರ ಬಳಿ ಕರೆದುಕೊಂಡು ಹೋದವರು ನೀವೇ. "ಕುಟುಂಬದಲ್ಲಿ ಯಾರಿಗಾದರೂ ಬಿ.ಪಿ. ಉಂಟಾ?" ಎಂದು ಅವರು ಕೇಳಿದರಂತೆ. "ನಮ್ಮಲ್ಲಿ ಯಾರಿಗೂ ಇಲ್ಲ" ಎಂದು ಯಜಮಾನರ ಗತ್ತಿನಲ್ಲಿ ಹೇಳಿ ಬಂದಿರಿ. "ನಮ್ಮಲ್ಲಿ ಇಲ್ಲದ್ದು ಇವನಿಗೆ ಎಲ್ಲಿಂದ ಬರುವುದು?" ಎಂದು ಮಾತ್ರೆಯನ್ನೂ ಬಿಡಿಸಿದಿರಿ.

ನಮ್ಮ ಅಪ್ಪ ಇದೇ ಬಿ.ಪಿ. ಏರಿ, ನಿಮ್ಮೊಡನೆ ಜಗಳವಾದ ದಿನ, ನಿಮ್ಮದೇ ಜಗಲಿಯಲ್ಲಿ ಕುಸಿದು ಸತ್ತದ್ದು ಮರೆತುಹೋಯಿತೇ? ಇಲ್ಲ. ನಮ್ಮ ಅಳಿಯಕಟ್ಟಿನಲ್ಲಿ ತಾಯಿಯ ಕಡೆಯವರು ಮಾತ್ರ ಕುಟುಂಬ, ಅಪ್ಪ ಹೊರಗಿನವರು. ನಿಮ್ಮ ಲೆಕ್ಕಕ್ಕೆ ಅವರು ಬರಲೇ ಇಲ್ಲ.

ಇದು ಅಪ್ಪನಿಂದಲೂ ಬರುತ್ತದೆ, ಅಂಥವರ ಮನಸ್ಸಿನ ಮೇಲೆ ಒತ್ತಡ ಬಿದ್ದರೆ ಬೇಗ ಏರುತ್ತದೆ ಎಂದು ಇಲ್ಲಿಯ ಡಾಕ್ಟರು ಹೇಳಿದರು. ಒತ್ತಡ ಯಾರದ್ದು ಎಂದು ಕೇಳಲಿಲ್ಲ. ಕೇಳಿದ್ದರೆ ನಿಮ್ಮ ಹೆಸರು ಹೇಳುತ್ತಿದ್ದೆ.

ಅಣ್ಣನ ಕನ್ನಡಕ, ಎರಡು ಪಂಚೆ ಕಳುಹಿಸಿ. ನೀವು ಬರುವುದು ಬೇಡ. ನಿಮ್ಮ ದನಿ ಕೇಳಿದರೆ ಅವನಿಗೆ ಮತ್ತೆ ಏರೀತು. ನನ್ನದನ್ನೂ ನೋಡಿಸಿದೆ, ಜಾಸ್ತಿಯೇ ಉಂಟು.

ಅಂದು ಅಪ್ಪನ ಹೆಣವನ್ನು ಅವರ ಕುಟುಂಬದ ಮನೆಗೆಂದು ಕುಕ್ಕುಂದೂರಿಗೆ ಸಾಗಿಸಿದಿರಿ. ನಮ್ಮ ಮೈಯಲ್ಲಿರುವ ಅವರ ರಕ್ತವನ್ನು ಎಲ್ಲಿಗೆ ಸಾಗಿಸುತ್ತೀರಿ?

ಇತಿ,
ಕುಕ್ಕುಂದೂರಿನ ಉಮಾನಾಥರ ಮಗಳು
ಸುಗಂಧಿ